ಜೂಜಿನ ಚಟದ ಚಿಕಿತ್ಸೆಗೆ ಬಂದವರ ಗುಟ್ಟು ಕಾಯುವ ಕ್ರಮ: ಆಪ್ತಸಮಾಲೋಚಕರಿಗೆ ಹಂತ ಹಂತದ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಮತ್ತು ಸಣ್ಣ ಸಮಾಲೋಚನಾ ಕೇಂದ್ರಗಳಲ್ಲಿ ದುಡಿಯುವವರು ಒಂದೇ ತೊಂದರೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಮಟ್ಕಾ, ಇಸ್ಪೀಟು, ಕ್ರಿಕೆಟ್ ಬೆಟ್ಟಿಂಗ್ ಅಥವಾ ಮೊಬೈಲ್ ರಮ್ಮಿಯ ಚಟಕ್ಕೆ ಬಿದ್ದವರು ಎರಡು ಸಲ ಬರುತ್ತಾರೆ, ಮೂರನೆಯ ಸಲ ಬರುವುದಿಲ್ಲ. ವಿಚಾರಿಸಿದರೆ, ಕೋಣೆಯೊಳಗೆ ಹೇಳಿಕೊಂಡ ಸಾಲದ ಮೊತ್ತ ಹೆಂಡತಿಯ ತವರುಮನೆಗೋ ಬಡ್ಡಿ ವ್ಯವಹಾರದವನಿಗೋ ತಲುಪಿರುತ್ತದೆ. ಕೇಂದ್ರದವರು ಕಪಾಟಿಗೆ ಇನ್ನೊಂದು ಬೀಗ ಹಾಕುತ್ತಾರೆ. ಆದರೆ ಗುಟ್ಟು ಹೊರಬಿದ್ದದ್ದು ಕಪಾಟಿನಿಂದಲ್ಲ. ಕಾಯುವ ಬೆಂಚಿನಿಂದ, ಫೋನಿನಿಂದ, ಮನೆಯವರ ಪ್ರಶ್ನೆಗೆ ಕನಿಕರದಿಂದ ಕೊಟ್ಟ ಉತ್ತರದಿಂದ.

ಕುಡಿತದ ಚಿಕಿತ್ಸೆಯಲ್ಲಿ ಕಲಿತ ರೂಢಿಯನ್ನೇ ಇಲ್ಲಿಯೂ ಬಳಸುವುದು ಈ ತೊಂದರೆಗೆ ದೊಡ್ಡ ಕಾರಣ. ಕುಡಿತ ಓಣಿಗೆಲ್ಲ ಕಾಣುತ್ತದೆ, ಜೂಜು ಕಾಣುವುದಿಲ್ಲ. ಮನೆ ಹರಾಜಿಗೆ ಬರುವವರೆಗೂ ಮಗ್ಗುಲಲ್ಲಿ ಮಲಗುವವರಿಗೂ ತಿಳಿಯದಿರಬಹುದು. ಹೀಗಿದ್ದೂ, ಹಣದ ವ್ಯವಹಾರವನ್ನು ನಂಬಿಕೆಯ ಒಬ್ಬರ ಮುಂದೆ ಬಿಚ್ಚಿಡದೆ ಈ ಚಟದ ಚಿಕಿತ್ಸೆ ಮುಂದೆ ಸಾಗುವುದಿಲ್ಲ. ಮುಚ್ಚಿಡಬೇಕಾದದ್ದು ಮತ್ತು ತೆರೆದಿಡಬೇಕಾದದ್ದು ಇಲ್ಲಿ ಒಂದೇ ವಿಷಯವಾಗಿರುವುದರಿಂದ, ಯಾರಿಗೆ ಏನನ್ನು ಎಷ್ಟು ಹೇಳಬಹುದು ಎಂಬುದು ಮೊದಲು ತೀರ್ಮಾನವಾಗಬೇಕು, ಕಥೆ ಕೇಳುವುದು ಆಮೇಲೆ. ನಮ್ಮಲ್ಲಿ ಬಹುಪಾಲು ಕಡೆ ಇದು ತಿರುವುಮುರುವಾಗಿ ನಡೆಯುತ್ತಿದೆ.

## ಹಂತ 1: ಮೊದಲ ವ್ಯಕ್ತಿ ಬರುವ ಮುಂಚೆ ಹೊಂದಿಸಿಕೊಳ್ಳಬೇಕಾದವು

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಬೀಗವಿರುವ ಒಂದು ಕಪಾಟು, ಎರಡು ರಿಜಿಸ್ಟರು, ಒಪ್ಪಿಗೆ ಪತ್ರದ ಪ್ರತಿಗಳು, ಹೆಬ್ಬೆಟ್ಟಿಗೆ ಮಸಿಪ್ಯಾಡು, ಕೇಂದ್ರದ ಕೆಲಸಕ್ಕೆಂದೇ ಇಟ್ಟ ಒಂದು ಫೋನು. ಎರಡು ರಿಜಿಸ್ಟರು ಏಕೆಂದರೆ, ಒಂದರಲ್ಲಿ ಹೆಸರು ಮತ್ತು ಅದಕ್ಕೆ ಕೊಟ್ಟ ಸಂಖ್ಯೆ ಮಾತ್ರ ಇರಬೇಕು. ದಿನವೂ ಮೇಜಿನ ಮೇಲೆ ತೆರೆದಿರುವ ಇನ್ನೊಂದರಲ್ಲಿ ಸಂಖ್ಯೆ ಮಾತ್ರ ಇರಬೇಕು. ಹೆಸರಿನ ರಿಜಿಸ್ಟರು ಕಪಾಟಿನಿಂದ ಹೊರಬರುವುದು ಹೊಸಬರು ಬಂದಾಗ ಮಾತ್ರ.

ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯ ಮೇಲೆ ಹೆಸರು, ಊರು ಇದ್ದೇ ಇರುತ್ತವೆ, ಅದನ್ನು ನೀವು ಬದಲಿಸಲಾರಿರಿ. ಆದರೆ ಆ ಚೀಟಿಯ ಮೇಲೆ ‘ಜೂಜು’ ಎಂದು ದಪ್ಪಕ್ಷರದಲ್ಲಿ ಬರೆಯುವ ಅಭ್ಯಾಸವನ್ನು ಬಿಡಬಹುದು. ಆ ಚೀಟಿ ಔಷಧದ ಕಿಟಕಿ, ರಕ್ತ ಪರೀಕ್ಷೆಯ ಕೋಣೆ, ಕೊನೆಗೆ ಊರಿನ ಮೆಡಿಕಲ್ ಶಾಪು ಎಲ್ಲವನ್ನೂ ಸುತ್ತುತ್ತದೆ. ವೈದ್ಯರು ರೋಗದ ವರ್ಗೀಕರಣದ ಸಂಕೇತವನ್ನಷ್ಟೇ ನಮೂದಿಸಿದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರಲ್ಲಿ ಜೂಜಿನ ಕಾಯಿಲೆಗೆ 6ಸಿ50 ಎಂಬ ಸಂಕೇತವೇ ಇದೆ.

ಗೋಪ್ಯತೆಯ ಮಾತು ಸಮಾಲೋಚಕರಿಗಷ್ಟೇ ಅಲ್ಲ, ಕಸ ಗುಡಿಸುವವರಿಗೆ, ಚಹಾ ತರುವ ಹುಡುಗನಿಗೆ, ವಾಹನದ ಚಾಲಕನಿಗೆ ಕೂಡ ಅನ್ವಯಿಸುತ್ತದೆ. ಅವರನ್ನು ಕೂಡಿಸಿಕೊಂಡು, ‘ಇಲ್ಲಿ ಯಾರು ಬಂದಿದ್ದರು ಎಂಬುದನ್ನೂ ಹೇಳಬಾರದು’ ಎಂದು ಬಿಡಿಸಿ ಹೇಳಿ, ಸಹಿ ಪಡೆಯಿರಿ. ಒಬ್ಬರು ಏನು ಹೇಳಿಕೊಂಡರು ಎಂಬುದು ಮಾತ್ರ ಗುಟ್ಟು, ಬಂದದ್ದು ಗುಟ್ಟಲ್ಲ ಎಂದುಕೊಳ್ಳುವುದು ಸಿಬ್ಬಂದಿ ಮಾಡುವ ಮೊದಲ ತಪ್ಪು.

## ಹಂತ 2: ಬೆಂಚು, ಫೋನು, ಶುಲ್ಕ

ಮಂಗಳವಾರದ ಮನೋಚೈತನ್ಯ (ಸರ್ಕಾರಿ ಮಾನಸಿಕ ಆರೋಗ್ಯ) ಕ್ಲಿನಿಕ್ಕಿನ ದಿನ ತಾಲ್ಲೂಕು ಆಸ್ಪತ್ರೆಯ ಆ ಒಂದು ಕೋಣೆಯ ಮುಂದೆ ಕುಳಿತವರು ಯಾಕೆ ಕುಳಿತಿದ್ದಾರೆ ಎಂಬುದು ಸಂತೆಗೆ ಬಂದವರಿಗೂ ಗೊತ್ತಿರುತ್ತದೆ. ಅದರ ಮೇಲೆ ಸಹಾಯಕರು ಬಾಗಿಲಲ್ಲಿ ನಿಂತು, ‘ಮಸ್ಕಿ ಕಡೆಯವರು ಯಾರ್ರೀ, ಆ ಮಟ್ಕಾ ಕೇಸು’ ಎಂದು ಕೂಗಿದರೆ ಒಳಗಿನ ಯಾವ ಬೀಗವೂ ಪ್ರಯೋಜನಕ್ಕೆ ಬರುವುದಿಲ್ಲ. ಕರೆಯುವುದು ಸಂಖ್ಯೆಯಿಂದಲೇ ಇರಲಿ. ಸಾಧ್ಯವಿದ್ದರೆ ಜೂಜಿನ ಚಟದವರಿಗೆ ಮಧ್ಯಾಹ್ನದ ಮೇಲೆ, ಸಾಮಾನ್ಯ ರೋಗಿಗಳು ಕೂರುವ ಬೆಂಚಿನಲ್ಲೇ ಕೂತು ಬರುವಂತೆ ಸಮಯ ಕೊಡಿ. ಪ್ರತ್ಯೇಕ ಬೆಂಚು ಮರ್ಯಾದೆಯಂತೆ ಕಂಡರೂ ಅದು ಬಂದವರನ್ನು ಎತ್ತಿ ತೋರಿಸುತ್ತದೆ.

ಮೊದಲ ಸಲ ಕರೆ ಬಂದಾಗಲೇ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ: ಈ ನಂಬರನ್ನು ಮನೆಯಲ್ಲಿ ಬೇರೆ ಯಾರಾದರೂ ಎತ್ತುತ್ತಾರೆಯೇ, ಯಾವ ಹೊತ್ತಿನಲ್ಲಿ ಮಾತನಾಡಬಹುದು, ಬೇರೆಯವರು ಎತ್ತಿದರೆ ಏನೆಂದು ಹೇಳಬೇಕು. ಟ್ರೂಕಾಲರ್‌ನಂಥ ಆ್ಯಪಿನಲ್ಲಿ ನಿಮ್ಮ ಫೋನಿನ ಹೆಸರು ‘ವ್ಯಸನಮುಕ್ತಿ ಕೇಂದ್ರ’ ಎಂದು ಕಾಣುತ್ತಿದ್ದರೆ ಮೊದಲು ಅದನ್ನು ಬದಲಾಯಿಸಿ. ನೆನಪೋಲೆಯಲ್ಲಿ ‘ನಾಳೆ 11 ಗಂಟೆಗೆ ಬನ್ನಿ’ ಎಂದಷ್ಟೇ ಇರಲಿ. ಕೇಂದ್ರದ ಹೆಸರಾಗಲಿ, ವೈದ್ಯರ ಹೆಸರಾಗಲಿ ಬೇಡ.

ಶುಲ್ಕದ ವಿಷಯವನ್ನು ಯಾರೂ ಯೋಚಿಸುವುದೇ ಇಲ್ಲ. ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಹಣ ಕಟ್ಟಿದರೆ ಪಡೆದವರ ಹೆಸರು ಕಟ್ಟಿದವರ ಫೋನಿನಲ್ಲಿ ಉಳಿಯುತ್ತದೆ, ಜೊತೆಗೆ ಮೇಜಿನ ಮೇಲಿನ ಸೌಂಡ್ ಬಾಕ್ಸ್ ಮೊತ್ತವನ್ನು ಹೊರಗಿನ ಬೆಂಚಿಗೂ ಕೇಳಿಸುವಂತೆ ಸಾರುತ್ತದೆ. ಹಣ ಹೇಗೆ ಕಟ್ಟಲು ಇಷ್ಟ ಎಂದು ಮೊದಲೇ ಕೇಳಿ, ಆ ಪೆಟ್ಟಿಗೆಯನ್ನು ತೆಗೆದಿಡಿ.

ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಇರುವವರೊಂದಿಗೆ ಫೋನಿನಲ್ಲಿ ಸಮಾಲೋಚನೆ ಮಾಡುವಾಗ, ಆ ಬದಿಯಲ್ಲಿ ಯಾರಿದ್ದಾರೆ ಎಂದು ಪ್ರತಿ ಸಲವೂ ಮೊದಲು ಕೇಳಿ. ಉತ್ತರಗಳು ‘ಹೂಂ’, ‘ಆಯ್ತು’ ಎಂಬಷ್ಟಕ್ಕೇ ನಿಂತರೆ ಪಕ್ಕದಲ್ಲಿ ಯಾರೋ ಇದ್ದಾರೆ ಎಂದೇ ತಿಳಿಯಬೇಕು. ಆಗ ಹೌದು-ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಿ, ಬೇರೆ ಸಮಯ ಗೊತ್ತು ಮಾಡಿಕೊಳ್ಳಿ.

## ಹಂತ 3: ಕಥೆಗಿಂತ ಮೊದಲು ಮಿತಿಗಳನ್ನು ಹೇಳುವುದು

ಇಡೀ ಕ್ರಮದಲ್ಲಿ ಬಿಟ್ಟರೆ ಮತ್ತೆ ಸರಿಪಡಿಸಲಾಗದ ಹಂತ ಇದೊಂದೇ. ಬಂದವರು ಕುರ್ಚಿಯಲ್ಲಿ ಕುಳಿತ ಕೂಡಲೇ ಹೇಳಲು ತೊಡಗುತ್ತಾರೆ, ಏಕೆಂದರೆ ಬಹಳ ದಿನಗಳಿಂದ ಯಾರಿಗೂ ಹೇಳಿರುವುದಿಲ್ಲ. ಅವರನ್ನು ಗೌರವದಿಂದ ತಡೆದು, ಯಾವುದನ್ನು ನೀವು ಗುಟ್ಟಾಗಿ ಇಡಬಲ್ಲಿರಿ, ಯಾವುದನ್ನು ಇಡಲಾರಿರಿ ಎಂಬುದನ್ನು ಮೊದಲು ತಿಳಿಸಬೇಕು.

ಕಾನೂನಿನ ನೆಲೆ ಸ್ಪಷ್ಟವಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ನು ಮಾನಸಿಕ ಕಾಯಿಲೆಯುಳ್ಳವರಿಗೆ ತಮ್ಮ ಆರೋಗ್ಯ ಮತ್ತು ಚಿಕಿತ್ಸೆಯ ಬಗ್ಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ವಿನಾಯಿತಿಗಳನ್ನೂ ಅದೇ ಸೆಕ್ಷನ್ನು ಹೇಳುತ್ತದೆ: ನಾಮನಿರ್ದೇಶಿತ ಪ್ರತಿನಿಧಿಗೆ (ಕಾಯ್ದೆಯಡಿ ಕಾಯಿಲೆಯವರ ಪರವಾಗಿ ನಿಲ್ಲುವವರಿಗೆ) ಅವರ ಕರ್ತವ್ಯಕ್ಕೆ ಬೇಕಾದಷ್ಟು ತಿಳಿಸಬಹುದು, ಚಿಕಿತ್ಸೆಯಲ್ಲಿ ಭಾಗಿಯಾದ ಇತರ ವೈದ್ಯಕೀಯ ವೃತ್ತಿಪರರಿಗೆ ತಿಳಿಸಬಹುದು, ಬೇರೊಬ್ಬರನ್ನು ಹಾನಿಯಿಂದ ಕಾಪಾಡಲು ಅಥವಾ ಜೀವಾಪಾಯವನ್ನು ತಪ್ಪಿಸಲು ಅಗತ್ಯವಾದಷ್ಟನ್ನು ತಿಳಿಸಬಹುದು, ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ, ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ ಅಥವಾ ಕಾನೂನಿನ ಅಧಿಕಾರವುಳ್ಳ ಪ್ರಾಧಿಕಾರದ ಆದೇಶವಿದ್ದರೆ ತಿಳಿಸಬಹುದು, ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದಲೂ ತಿಳಿಸಬಹುದು. ಗಂಡ, ಹೆಂಡತಿ, ತಂದೆ, ಅಣ್ಣ ಎಂಬ ಸಂಬಂಧ ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ; ಯಾರನ್ನೂ ಪ್ರತಿನಿಧಿಯಾಗಿ ನೇಮಿಸಿರದಿದ್ದರೆ ಮಾತ್ರ 14ನೇ ಸೆಕ್ಷನ್ನಿನಂತೆ ಸಂಬಂಧಿಕರು ಆ ಸ್ಥಾನಕ್ಕೆ ಬರಬಹುದು. ಮನೋವೈದ್ಯರಿಲ್ಲದ ಸಣ್ಣ ಕೇಂದ್ರದವರೂ ಇದನ್ನೇ ತಮ್ಮ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಾನೂನಿನ ಭಾಷೆಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೀಗೆ ಹೇಳಬಹುದು: ‘ಅಣ್ಣಾರ, ನೀವು ಇಲ್ಲಿ ಹೇಳೋದು ಈ ಕೋಣಿಯೊಳಗ ಇರ್ತದ. ನಿಮ್ಮ ಜೀವಕ್ಕ ಅಪಾಯ ಐತಿ ಅನ್ನಿಸಿದ್ರ, ಇನ್ನೊಬ್ಬರ ಜೀವಕ್ಕ ಅಪಾಯ ಐತಿ ಅನ್ನಿಸಿದ್ರ, ಮಕ್ಕಳ ಮ್ಯಾಲ ಲೈಂಗಿಕ ಅಪರಾಧ ಆಗೇತಿ ಅಂತ ತಿಳಿದ್ರ, ಕೋರ್ಟು ಲಿಖಿತವಾಗಿ ಕೇಳಿದ್ರ ಮಾತ್ರ ನಾನು ಹೊರಗ ಹೇಳಬೇಕಾಗ್ತದ. ಆವಾಗ್ಲೂ ಆದಷ್ಟು ಮೊದಲು ನಿಮಗ ತಿಳಿಸಿ, ಬೇಕಾದಷ್ಟ ಹೇಳ್ತೀನಿ.’ ಹೇಳಿದ ಮೇಲೆ ಅವರು ಏನು ತಿಳಿದುಕೊಂಡರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ತೆಲುಗು, ಉರ್ದು ಅಥವಾ ಲಂಬಾಣಿ ಮಾತನಾಡುವವರು ಬಂದರೆ ಅವರ ಜೊತೆಗೆ ಬಂದ ನೆಂಟರನ್ನು ದುಭಾಷಿಯಾಗಿ ಕೂರಿಸಬೇಡಿ. ಸಿಬ್ಬಂದಿಯಲ್ಲಿ ಆ ಭಾಷೆ ಬಲ್ಲವರನ್ನು ಕರೆಯಿರಿ.

ಹೆಚ್ಚಿನವರ ಮನಸ್ಸಿನಲ್ಲಿರುವ, ಆದರೆ ಬಾಯಿಬಿಟ್ಟು ಕೇಳದ ಪ್ರಶ್ನೆ ಪೊಲೀಸರದ್ದು. ಮಟ್ಕಾ ಮತ್ತು ಅಂದರ್-ಬಾಹರ್ ದಾಳಿಗಳ ಸುದ್ದಿ ಓದುವವರಿಗೆ, ಇಲ್ಲಿ ಹೇಳಿದರೆ ಠಾಣೆಗೆ ಹೋಗುತ್ತದೆ ಎಂಬ ಅಂಜಿಕೆ ಇದ್ದೇ ಇರುತ್ತದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಡಿ ಜೂಜಾಡುವುದು ಅಪರಾಧವೇ. ಆದರೆ ಜನಸಾಮಾನ್ಯರು ತಮಗೆ ತಿಳಿದ ಕೆಲವು ಅಪರಾಧಗಳನ್ನು ಪೊಲೀಸರಿಗೆ ತಿಳಿಸಲೇಬೇಕು ಎನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಸೆಕ್ಷನ್ನಿನ ಪಟ್ಟಿಯಲ್ಲಿ ಒಬ್ಬರು ತಾವಾಗಿ ಆಡುವ ಜೂಜು ಇಲ್ಲ; ಗ್ಯಾಂಗಿನ ಸದಸ್ಯರು ನಡೆಸುವ ಅನಧಿಕೃತ ಬೆಟ್ಟಿಂಗ್ ಮತ್ತು ಜೂಜು ಮಾತ್ರ ಸಣ್ಣ ಸಂಘಟಿತ ಅಪರಾಧವಾಗಿ ಆ ಪಟ್ಟಿಗೆ ಸೇರುತ್ತದೆ. ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯೂ ಶಿಕ್ಷೆ ಇಟ್ಟಿರುವುದು ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ ಹೊರತು ಆಡಿ ಕಳೆದುಕೊಂಡವರಿಗಲ್ಲ. ಇದನ್ನು ಕೇಳುವ ಮೊದಲೇ ಹೇಳಿಬಿಡಿ.

ಇದೇ 33ನೇ ಸೆಕ್ಷನ್ನಿನಲ್ಲಿ ಎಚ್ಚರ ವಹಿಸಬೇಕಾದ ಇನ್ನೊಂದು ಅಂಶವಿದೆ. ಸಾರ್ವಜನಿಕ ನೌಕರರು ಮತ್ತು ಅಂಥ ಹೊಣೆಯುಳ್ಳವರು ತಮ್ಮ ವಶದಲ್ಲಿದ್ದ ಹಣಕ್ಕೆ ನಂಬಿಕೆದ್ರೋಹ ಮಾಡಿದ ಅಪರಾಧ ಆ ಪಟ್ಟಿಯಲ್ಲಿ ಸೇರಿದೆ. ಪಂಚಾಯಿತಿಯ ಕರ ವಸೂಲಿಗಾರರೋ, ಕಚೇರಿಯ ಕ್ಯಾಷಿಯರೋ ವಸೂಲಿ ಹಣವನ್ನು ಆಟಕ್ಕೆ ಹಾಕಿದ್ದೇನೆ ಎಂದು ನಿಮ್ಮ ಮುಂದೆ ಹೇಳಿದರೆ, ವೃತ್ತಿಯ ಗೋಪ್ಯತೆಗೂ ಈ ಕರ್ತವ್ಯಕ್ಕೂ ನಡುವೆ ನೀವು ಸಿಕ್ಕಿಕೊಳ್ಳುತ್ತೀರಿ. ಆದ್ದರಿಂದ ನೌಕರರು ಬಂದಾಗ ಈ ಮಿತಿಯನ್ನು ಮೊದಲೇ ತಿಳಿಸಿ, ಕಚೇರಿ ಹಣದ ವಿವರ ಹೇಳುವ ಮುಂಚೆ ವಕೀಲರನ್ನು ಕಾಣಲು ಸಲಹೆ ಕೊಡಿ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವರದಿ ಮಾಡಲೇಬೇಕು, ಅದರಲ್ಲಿ ಆಯ್ಕೆಯಿಲ್ಲ.

## ಹಂತ 4: ಒಪ್ಪಿಗೆ ಪತ್ರ, ಆಳು ಆಳಿಗೆ ಬೇರೆ

‘ನನ್ನ ಮಾಹಿತಿಯನ್ನು ಕುಟುಂಬದವರಿಗೆ ತಿಳಿಸಲು ಒಪ್ಪಿದ್ದೇನೆ’ ಎಂಬ ಒಂದು ಸಾಲಿನ ಮುದ್ರಿತ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಎಲ್ಲ ಕಡೆ ಕಾಣುವ ತಪ್ಪು. ಕುಟುಂಬವೆಂದರೆ ಯಾರು? ಹೆಂಡತಿಯೇ, ಮಾವನೇ, ಒಂದೇ ಮನೆಯಲ್ಲಿರುವ ಅಣ್ಣ-ಅತ್ತಿಗೆಯೇ? ಪತ್ರದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸಾಲು ಇರಬೇಕು: ಹೆಸರು, ಸಂಬಂಧ, ಹೇಳಬಹುದಾದ ವಿಷಯ, ಹೇಳಬಾರದ ವಿಷಯ, ಎಂದಿನವರೆಗೆ.

ತುಂಬಿದ ಒಂದು ಸಾಲು ಹೀಗೆ ಕಾಣುತ್ತದೆ: ‘ಹೆಂಡತಿ: ಬರುವ ದಿನಾಂಕಗಳು, ಔಷಧ, ತಿಂಗಳ ಖರ್ಚಿನ ಹಣದ ಏರ್ಪಾಡು ಹೇಳಬಹುದು, ಸಾಲ ಕೊಟ್ಟವರ ಹೆಸರು ಹೇಳಬಾರದು, ಮೂರು ತಿಂಗಳವರೆಗೆ.’ ಅದರ ಕೆಳಗೆ, ‘ಅಣ್ಣ: ಏನನ್ನೂ ಹೇಳಬಾರದು.’ ಬೇಡವೆಂಬ ಸಾಲುಗಳನ್ನೂ ಬರೆಯಿಸಬೇಕು. ಆ ಅಣ್ಣನೇ ಮುಂದಿನ ವಾರ ಬಂದು ನಿಂತಾಗ ನಿಮಗೆ ಆಸರೆಯಾಗುವುದು ಆ ಸಾಲೇ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂದು ಪತ್ರದಲ್ಲೇ ಇರಲಿ.

ನಾಮನಿರ್ದೇಶಿತ ಪ್ರತಿನಿಧಿಯ ನೇಮಕ ಇದಕ್ಕಿಂತ ಬೇರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಸೆಕ್ಷನ್ನಿನಂತೆ ವಯಸ್ಕರು ಯಾರನ್ನು ಬೇಕಾದರೂ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ, ಆ ಸ್ಥಾನಕ್ಕೆ ನೇಮಿಸಬಹುದು. ನೇಮಕಗೊಂಡವರು ಹದಿನೆಂಟು ತುಂಬಿದವರಾಗಿರಬೇಕು, ಲಿಖಿತ ಒಪ್ಪಿಗೆ ಕೊಡಬೇಕು. ಸಾಲ ಕೊಟ್ಟ ಸಂಬಂಧಿಕರನ್ನೇ ಪ್ರತಿನಿಧಿಯಾಗಿ ಸೂಚಿಸಿದರೆ ನಿಲ್ಲಿಸಿ ವಿಚಾರಿಸಿ. ಅದು ಸ್ವಇಚ್ಛೆಯಿಂದ ಆದದ್ದೇ, ಒತ್ತಾಯದಿಂದಲೇ ಎಂಬುದನ್ನು ಅವರೊಬ್ಬರೇ ಇದ್ದಾಗ ಕೇಳಬೇಕು.

## ಹಂತ 5: ಮನೆಯವರು ಮತ್ತು ಹಣದ ಏರ್ಪಾಡು

ಹಣ ಕೈಯಲ್ಲಿ ಓಡಾಡದಂತೆ ಮಾಡುವುದು ಚಿಕಿತ್ಸೆಯ ಮುಖ್ಯ ಭಾಗವಾದ್ದರಿಂದ, ಎಟಿಎಂ ಕಾರ್ಡು, ಪಾಸ್‌ಬುಕ್ಕು, ಯುಪಿಐ ಎಲ್ಲವೂ ಚರ್ಚೆಗೆ ಬರುತ್ತವೆ. ಇಲ್ಲಿ ಒಂದೇ ನಿಯಮವನ್ನು ಬಿಗಿಯಾಗಿ ಹಿಡಿಯಿರಿ: ಹಣದ ಮಾಹಿತಿ ಬಂದವರ ಕೈಯಿಂದ ಮನೆಯವರ ಕೈಗೆ ನೇರವಾಗಿ ಹೋಗಬೇಕು, ನಿಮ್ಮ ಮೂಲಕ ಹೋಗಬಾರದು. ವಾರದ ಬ್ಯಾಂಕ್ ವಿವರವನ್ನು ಗಂಡ ಹೆಂಡತಿಗೆ ತಾನೇ ತೋರಿಸಲಿ. ನೀವು ತೆರೆದು ಓದಿ ಹೇಳುವವರಾಗಬೇಡಿ. ಪಿನ್ ಸಂಖ್ಯೆಯನ್ನು ಕೇಳಬೇಡಿ, ಹೇಳಲು ಬಂದರೂ ತಡೆಯಿರಿ. ಆಟದ ಆ್ಯಪ್ ತೆಗೆಸುವಾಗ ಫೋನು ಅವರ ಕೈಯಲ್ಲೇ ಇರಲಿ.

ಜಂಟಿ ಭೇಟಿಗೆ ಮೊದಲು ಬಂದವರೊಬ್ಬರ ಜೊತೆಯೇ ಕುಳಿತು, ಇವತ್ತು ಯಾವ ಮಾತು ಬರಬೇಕು, ಯಾವುದು ಬರಬಾರದು ಎಂದು ಗೊತ್ತುಮಾಡಿಕೊಳ್ಳಿ. ಒಟ್ಟು ಸಾಲ ಎಷ್ಟು ಎಂಬುದನ್ನು ಅವರೇ ಹೇಳಬೇಕು. ಅವರಿಗೆ ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ತಾವೇ ಕೊಡಲಿ. ಅರ್ಧ ಮೊತ್ತ ಹೇಳಿ ಉಳಿದದ್ದನ್ನು ಮುಚ್ಚಿಡುವುದು ಈ ಚಟದಲ್ಲಿ ಬಹಳ ಸಾಮಾನ್ಯ. ನಿಮಗೆ ಪೂರ್ತಿ ಮೊತ್ತ ಗೊತ್ತಿದ್ದರೂ ಅಲ್ಲೇ ತಿದ್ದಬೇಡಿ. ಭೇಟಿ ಮುಗಿದ ಮೇಲೆ ಒಬ್ಬರನ್ನೇ ಕರೆದು, ಪೂರ್ತಿ ಹೇಳುವ ದಿನವನ್ನು ಅವರಿಂದಲೇ ನಿಗದಿ ಮಾಡಿಸಿ. ತಿದ್ದಿಬಿಟ್ಟರೆ ಆ ಕ್ಷಣಕ್ಕೆ ಸತ್ಯ ಗೆದ್ದಂತೆ ಕಾಣುತ್ತದೆ, ಆದರೆ ಆ ವ್ಯಕ್ತಿ ಮತ್ತೆ ನಿಮ್ಮ ಮುಂದೆ ಕೂರುವುದಿಲ್ಲ.

ಮನೆಯವರ ಕಷ್ಟ ಸಣ್ಣದಲ್ಲ. ‘ಎಷ್ಟ ಸಾಲ ಮಾಡ್ಯಾರ ಅಂತ ಅಷ್ಟ ಹೇಳ್ರಿ ಮೇಡಮ್ಮಾರ, ಮನಿ ಮಾರೂದು ಬಂದೈತಿ’ ಎಂದು ಕಣ್ಣೀರು ಹಾಕುವ ತಾಯಿಯ ಮುಂದೆ ಬಾಯಿ ಕಟ್ಟಿ ಕೂರುವುದು ಯಾರಿಗೂ ಸುಲಭವಲ್ಲ. ಆದರೆ ಹೇಳಲಾಗದಿದ್ದರೂ ಕೇಳಲು ಅಡ್ಡಿಯಿಲ್ಲ, ಸಾಮಾನ್ಯ ಮಾಹಿತಿ ಕೊಡಲೂ ಅಡ್ಡಿಯಿಲ್ಲ. ಮನೆಪತ್ರ ಎಲ್ಲಿಡಬೇಕು, ಖಾಲಿ ಚೆಕ್ಕಿಗೆ ಮತ್ತು ಜಾಮೀನಿಗೆ ಸಹಿ ಹಾಕಬಾರದು, ಸಂಘದ ಸಾಲವನ್ನು ಅವರ ಕೈಗೆ ಕೊಡಬಾರದು, ಬಂಗಾರವನ್ನು ಬೇರೆ ಕಡೆ ಇಡಬೇಕು ಎಂದು ಹೇಳುವುದರಿಂದ ಯಾರ ಗುಟ್ಟೂ ಒಡೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಗೋಪ್ಯತೆಯ ಹೆಸರಿನಲ್ಲಿ ಮನೆಯವರನ್ನು ಬರಿಗೈಲಿ ಕಳಿಸುವ ಕೇಂದ್ರ ತನ್ನ ಕೆಲಸದ ಅರ್ಧವನ್ನಷ್ಟೇ ಮಾಡುತ್ತಿದೆ. ಅವರಿಗೆ ಸಾಧ್ಯವಿದ್ದರೆ ಬೇರೆಯೇ ಸಮಾಲೋಚಕರನ್ನು ಕೊಡಿ.

ಅದರ ತಿರುವು ಕೂಡ ಬರುತ್ತದೆ. ಹೆಂಡತಿ ಫೋನು ಮಾಡಿ, ‘ನಿನ್ನಿ ಮತ್ತ ಆಡ್ಯಾರ, ನಾ ಹೇಳೀನಿ ಅಂತ ಗೊತ್ತಾಗಬಾರ್ದು’ ಎನ್ನುತ್ತಾರೆ. ಈ ಗುಟ್ಟನ್ನು ಹೊತ್ತುಕೊಂಡರೆ ಮುಂದಿನ ಭೇಟಿಯಲ್ಲಿ ನೀವು ಗೊತ್ತಿದ್ದೂ ಗೊತ್ತಿಲ್ಲದಂತೆ ನಟಿಸಬೇಕಾಗುತ್ತದೆ, ಅದು ಬಂದವರಿಗೆ ತಿಳಿದೇ ತಿಳಿಯುತ್ತದೆ. ಮನೆಯವರೊಂದಿಗಿನ ಮೊದಲ ಮಾತಿನಲ್ಲೇ, ‘ನೀವು ಹೇಳಿದ್ದನ್ನು ಅಗತ್ಯ ಬಿದ್ದರೆ ಅವರ ಮುಂದೆ ಎತ್ತುತ್ತೇನೆ, ಎತ್ತಬಾರದು ಎನ್ನುವುದಾದರೆ ಈಗಲೇ ಹೇಳಬೇಡಿ’ ಎಂದು ತಿಳಿಸಿರಬೇಕು. ಒಂದು ಹೊರತಿದೆ: ಮಾತು ಹೊರಬಿದ್ದರೆ ಆಕೆಗೆ ಹೊಡೆತ ಬೀಳುವ ಸೂಚನೆ ಇದ್ದರೆ ಆಕೆ ಹೇಳಿದ್ದನ್ನು ಯಾವ ಕಾರಣಕ್ಕೂ ಎತ್ತಬೇಡಿ, ಗಂಡನ ಕಡತದಲ್ಲೂ ಬರೆಯಬೇಡಿ, ಆ ಕಡತವನ್ನು ನೋಡುವ ಹಕ್ಕು ಅವನಿಗಿದೆ.

ಎಚ್ಚರದ ಗುರುತುಗಳು: ಬಂದವರು ಮೊತ್ತಗಳನ್ನು ಹೇಳುವುದನ್ನು ಹಠಾತ್ತಾಗಿ ನಿಲ್ಲಿಸುವುದು, ಮನೆಯವರು ನೀವು ಹೇಳದ ವಿವರವನ್ನು ನಿಮ್ಮ ಹೆಸರು ಹೇಳಿ ಜಗಳದಲ್ಲಿ ಬಳಸುವುದು, ಹಣದ ಹೊಣೆ ಹೊತ್ತವರು ಲೆಕ್ಕವನ್ನು ಊರವರ ಮುಂದೆ ಇಡುವುದು. ಇವುಗಳಲ್ಲಿ ಒಂದು ಕಂಡರೂ ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆಯಿಸಿ.

## ಹಂತ 6: ಏನು ಬರೆಯಬೇಕು, ಏನು ಬರೆಯಬಾರದು

ಚಿಕಿತ್ಸೆಗೆ ಬೇಕಾದದ್ದು ಸಾಲದ ಭಾರ, ಆಟದ ಬಗೆ, ಆಡುವ ಹೊತ್ತು, ಮನಸ್ಸಿನ ಸ್ಥಿತಿ, ಔಷಧ. ಸಾಲ ಕೊಟ್ಟವರ ಹೆಸರು, ಓಸಿ (ಮಟ್ಕಾ) ಚೀಟಿ ಬರೆಯುವವನ ಹೆಸರು, ಅಡ್ಡೆಯ ಜಾಗ, ಬುಕ್ಕಿಯ ಫೋನ್ ನಂಬರು ಯಾವುದೂ ಚಿಕಿತ್ಸೆಗೆ ಬೇಕಿಲ್ಲ. ‘ಬಡ್ಡಿ ಸಾಲ ಕೊಟ್ಟವರು ಇಬ್ಬರು, ಒಬ್ಬರು ಸಂಬಂಧಿ’ ಎಂದು ಬರೆದರೆ ಸಾಕು. ಬರೆಯದ ವಿಷಯವನ್ನು ಯಾರೂ ಕದ್ದು ಓದಲಾರರು, ಆದೇಶ ತಂದು ಕೇಳಲಾರರು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಬಂದವರಿಗೆ ತಮ್ಮ ಮೂಲ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕಿದೆ. ಹೀಗಾಗಿ ಅವರ ಮುಂದೆ ಓದಲು ನಿಮಗೆ ಮುಜುಗರವಾಗುವ ಸಾಲನ್ನು ಬರೆಯಬೇಡಿ. ‘ಸುಳ್ಳುಗಾರ’ ಎಂಬುದು ರೋಗದ ವಿವರಣೆಯಲ್ಲ.

ವಾಟ್ಸ್ಆ್ಯಪ್ ಬಗ್ಗೆ ಕಟ್ಟುನಿಟ್ಟು ಬೇಕು. ಬ್ಯಾಂಕ್ ವಿವರದ ಸ್ಕ್ರೀನ್‌ಶಾಟನ್ನು ನಿಮ್ಮ ಸ್ವಂತ ಫೋನಿಗೆ ತರಿಸಿಕೊಂಡರೆ ಅದು ನಿಮ್ಮ ಗ್ಯಾಲರಿಯಲ್ಲಿ ಕೂರುತ್ತದೆ, ಮನೆಯಲ್ಲಿ ಮಕ್ಕಳು ಆ ಫೋನು ಹಿಡಿಯುತ್ತಾರೆ. ಸಿಬ್ಬಂದಿ ಗುಂಪಿನಲ್ಲಿ ಹೆಸರು ಬಿಟ್ಟು, ‘ಕಾರಟಗಿಯ ರೈಸ್‌ಮಿಲ್ ರೈಟರು, ಎರಡು ಮಕ್ಕಳು’ ಎಂದು ಹಾಕಿದರೂ ಆ ಊರಿನವರಿಗೆ ಆಳು ಗುರುತು ಸಿಗುತ್ತದೆ. ಸಲಹೆ ಕೇಳಬೇಕಾದಾಗ ಊರು, ಉದ್ಯೋಗ, ಮಕ್ಕಳ ಸಂಖ್ಯೆ ಮೂರನ್ನೂ ಬಿಟ್ಟು ಕೇಳಿ. ಡಿಜಿಟಲ್ ರೂಪದಲ್ಲಿ ಇಟ್ಟ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ ಎಂದು 24ನೇ ಸೆಕ್ಷನ್ನು ಬಿಡಿಸಿ ಹೇಳಿದೆ.

## ಹಂತ 7: ಗುಂಪು ಸಭೆಗಳು

ಸಣ್ಣ ಊರಿನಲ್ಲಿ ಗುಂಪು ಕೂಡಿಸುವುದು ಅಪಾಯದ ಕೆಲಸ. ಒಂದೇ ಅಡ್ಡೆಯಲ್ಲಿ ಆಡಿದವರು, ಒಬ್ಬರಿಗೊಬ್ಬರು ಸಾಲ ಕೊಟ್ಟವರು ಎದುರುಬದುರಾಗಬಹುದು. ಗುಂಪಿಗೆ ಕರೆಯುವ ಮೊದಲು ಯಾವ ಓಣಿ, ಎಲ್ಲಿ ಕೆಲಸ ಎಂಬುದನ್ನು ನೋಡಿ, ಹೊಂದದಿದ್ದರೆ ಬೇರೆ ತಾಲ್ಲೂಕಿನ ಗುಂಪಿಗೆ ಕಳಿಸಿ. ಮೊತ್ತ, ಅಡ್ಡೆ ಮತ್ತು ಬುಕ್ಕಿಯ ಹೆಸರು ಗುಂಪಿನಲ್ಲಿ ಬರಬಾರದು ಎಂಬ ನಿಯಮವನ್ನು ಪ್ರತಿ ಸಲ ಶುರುವಿನಲ್ಲೇ ಹೇಳಿ; ಹೊಸಬರು ಬಂದ ದಿನ ಎರಡು ಸಲ ಹೇಳಿದರೂ ತಪ್ಪಿಲ್ಲ. ಫೋಟೊ ಬೇಡ, ಬೆನ್ನು ತೋರಿಸುವ ಫೋಟೊ ಕೂಡ ಬೇಡ. ಅಂಗಿ, ಚಪ್ಪಲಿ ನೋಡಿ ಗುರುತಿಸುವವರು ಊರಿನಲ್ಲಿರುತ್ತಾರೆ.

## ಹಂತ 8: ಹೊರಗಿನವರು ಬಂದು ಕೇಳಿದಾಗ

ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಭತ್ತದ ದುಡ್ಡು ಕೈಗೆ ಬರುವ ದಿನಗಳಲ್ಲಿ ಸಾಲ ಕೊಟ್ಟವರು ಹುಡುಕಾಟ ಶುರು ಮಾಡುತ್ತಾರೆ, ಆಗ ಚಿಕಿತ್ಸಾ ಕೇಂದ್ರದ ಫೋನೂ ರಿಂಗಾಗುತ್ತದೆ. ‘ನಾನು ಅವರ ಮಾವ, ಒಳಗಿದ್ದಾರಾ’ ಎಂದು ಕೇಳುವವನು ಮಾವನಾಗಿರಬೇಕಿಲ್ಲ. ಯಾರು ಕೇಳಿದರೂ ಎಲ್ಲ ಸಿಬ್ಬಂದಿಯದ್ದೂ ಒಂದೇ ಉತ್ತರವಿರಲಿ: ‘ಇಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾವು ಯಾರಿಗೂ ಹೇಳುವುದಿಲ್ಲ.’ ನಿಜವಾಗಿ ಬರದವರ ಬಗ್ಗೆ ಕೇಳಿದಾಗಲೂ ಇದೇ ಉತ್ತರ. ಬರದವರಿಗೆ ‘ಇಲ್ಲ’ ಎಂದು, ಬರುವವರಿಗೆ ‘ಹೇಳಲಾಗುವುದಿಲ್ಲ’ ಎಂದು ಉತ್ತರಿಸಿದರೆ, ಎರಡನೆಯ ಉತ್ತರವೇ ಹೌದು ಎಂದಂತಾಗುತ್ತದೆ.

ವಸೂಲಿಯವರು ಬಂದು ಗದ್ದಲ ಮಾಡಿದರೆ 112ಕ್ಕೆ ಕರೆ ಮಾಡಿ. ಕಿರುಸಾಲ ವಸೂಲಿಯ ದೌರ್ಜನ್ಯವನ್ನು ತಡೆಯಲೆಂದೇ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ ಎಂಬುದನ್ನು ಬಂದವರಿಗೂ ತಿಳಿಸಿ. ದೂರು ಕೊಡುವ ತೀರ್ಮಾನ ಮಾತ್ರ ಅವರದ್ದೇ ಆಗಿರಲಿ, ಏಕೆಂದರೆ ದೂರಿನ ಜೊತೆಗೆ ಸಾಲದ ಕಾರಣವೂ ಬಯಲಾಗುತ್ತದೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಹಟ್ಟಿಯ ಚಿನ್ನದ ಗಣಿಯಲ್ಲೋ ಕೆಲಸ ಮಾಡುವವರಿಗೆ ರಜೆಗಾಗಿ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಚಿಕಿತ್ಸೆಯ ಅವಧಿ ಮತ್ತು ಕೆಲಸಕ್ಕೆ ಮರಳಬಹುದಾದ ದಿನ ಇದ್ದರೆ ಸಾಮಾನ್ಯವಾಗಿ ಸಾಕು. ಹೆಚ್ಚಿನ ವಿವರ ಕೇಳಿದರೆ ಬಂದವರ ಲಿಖಿತ ಒಪ್ಪಿಗೆಯಿಲ್ಲದೆ ಕೊಡಬೇಡಿ, ಪತ್ರವನ್ನು ಅವರ ಕೈಗೇ ಕೊಡಿ.

ಪೊಲೀಸರು ಬಾಯಿಮಾತಿನಲ್ಲಿ ಕೇಳಿದರೆ, ಕೋರಿಕೆಯನ್ನು ಲಿಖಿತವಾಗಿ, ಯಾವ ಕಾನೂನಿನ ಅಡಿಯಲ್ಲಿ ಎಂದು ನಮೂದಿಸಿ ಕೊಡಲು ವಿನಯದಿಂದ ಹೇಳಿ. ಪತ್ರ ಬಂದ ಮೇಲೂ ಕಡತ ಎತ್ತಿಕೊಡುವ ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ ಮತ್ತು ವಕೀಲರಿಗೆ ತೋರಿಸಿ. ಆದೇಶದಲ್ಲಿ ಕೇಳಿದ್ದನ್ನಷ್ಟೇ ಕೊಟ್ಟು, ಕೊಟ್ಟದ್ದರ ಪಟ್ಟಿ ಇಟ್ಟುಕೊಳ್ಳಿ. ಪತ್ರಕರ್ತರ ವಿಷಯ ಸರಳ: ಒಪ್ಪಿಗೆಯಿಲ್ಲದೆ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಮಾಧ್ಯಮಕ್ಕೆ ಕೊಡುವುದನ್ನು 24ನೇ ಸೆಕ್ಷನ್ನು ನಿಷೇಧಿಸಿದೆ. ಊರ ಹಿರಿಯರು ಪಂಚಾಯಿತಿ ಮಾಡಲು ನಿಮ್ಮನ್ನು ಸಾಕ್ಷಿಗೆ ಕರೆದರೆ ಹೋಗಬೇಡಿ.

## ಹಂತ 9: ಜೀವಕ್ಕೆ ಅಪಾಯ ಕಂಡಾಗ

ಜೂಜಿನ ಸಾಲದಲ್ಲಿ ಸಿಕ್ಕವರಲ್ಲಿ ಸಾಯುವ ಯೋಚನೆ ಅಪರೂಪವಲ್ಲ. ‘ವಿಮಾ ಹಣ ಬಂದರೆ ಮನೆಯವರಾದರೂ ಉಳಿದಾರು’ ಎಂಬ ಮಾತು, ಪಾಸ್‌ಬುಕ್ಕು ಮತ್ತು ಕಾಗದಪತ್ರಗಳನ್ನು ಒಪ್ಪಮಾಡಿ ಒಪ್ಪಿಸುವುದು, ಹೊಲಕ್ಕೆ ಹೊಡೆಯುವ ಔಷಧದ ಪ್ರಸ್ತಾಪ, ಬಹಳ ದಿನದ ಚಡಪಡಿಕೆಯ ನಂತರ ಇದ್ದಕ್ಕಿದ್ದಂತೆ ಬಂದ ಸಮಾಧಾನ, ಇವು ಗುಟ್ಟು ಕಾಯುವ ಹೊತ್ತಲ್ಲ ಎಂಬುದರ ಗುರುತು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ.

ಅಪಾಯವಿದೆ ಎನ್ನಿಸಿದರೆ ಅವರನ್ನು ಒಬ್ಬರೇ ಬಿಡಬೇಡಿ. ‘ನಿಮ್ಮ ಮನೆಯವರಿಗೆ ಈಗ ತಿಳಿಸಬೇಕಾಗಿದೆ, ಯಾರಿಗೆ ತಿಳಿಸಲಿ’ ಎಂದು ಅವರನ್ನೇ ಕೇಳಿ. ಈ ಆಯ್ಕೆ ಅವರ ಕೈಯಲ್ಲಿದ್ದಷ್ಟೂ ನಂಬಿಕೆ ಉಳಿಯುತ್ತದೆ. ಹೇಳುವಾಗ ‘ಅವರ ಜೀವಕ್ಕೆ ಅಪಾಯವಿದೆ, ಒಬ್ಬರೇ ಬಿಡಬೇಡಿ, ಕೀಟನಾಶಕ ಕೈಗೆ ಸಿಗದಂತೆ ಮಾಡಿ, ಇವತ್ತೇ ಆಸ್ಪತ್ರೆಗೆ ಕರೆತನ್ನಿ’ ಎಂಬಲ್ಲಿಗೆ ಮಾತು ನಿಲ್ಲಬೇಕು. ಸಾಲದ ಮೊತ್ತ ಆ ಮಾತಿನಲ್ಲಿ ಸೇರಬೇಕಿಲ್ಲ. ರಾಯಚೂರಿನ ರಿಮ್ಸ್, ಕೊಪ್ಪಳದ ಮತ್ತು ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಕಳಿಸುವಾಗ ಅಲ್ಲಿನ ವೈದ್ಯರಿಗೆ ಚಿಕಿತ್ಸೆಗೆ ಬೇಕಾದ ಪೂರ್ತಿ ವಿವರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬಹುದು. ರಾತ್ರಿ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಲು ಮನೆಯವರಿಗೆ ತಿಳಿಸಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಅದೇ ದಿನ ಕಡತದಲ್ಲಿ ಬರೆದಿಡಿ: ಯಾವ ಸೂಚನೆ ಕಂಡಿತು, ಯಾರಿಗೆ, ಎಷ್ಟು ಗಂಟೆಗೆ, ಏನೇನು ಹೇಳಲಾಯಿತು, ಏನನ್ನು ಹೇಳಲಿಲ್ಲ.

## ಹಂತ 10: ಗುಟ್ಟು ಸೋರಿಹೋದ ಮೇಲೆ

ಎಷ್ಟು ಎಚ್ಚರಿದ್ದರೂ ಒಮ್ಮೆ ಸೋರಬಹುದು. ಆಗ ಮೊದಲು ತಿಳಿಯಬೇಕಾದವರು ಬಂದ ವ್ಯಕ್ತಿಯೇ, ಅದೂ ನಿಮ್ಮ ಬಾಯಿಂದ, ಊರವರ ಬಾಯಿಂದಲ್ಲ. ಏನು ಹೊರಬಿದ್ದಿದೆ, ಯಾರಿಗೆ ಗೊತ್ತಾಗಿದೆ ಎಂಬುದನ್ನು ತಿಳಿದಷ್ಟು ಹೇಳಿ, ಅದರಿಂದ ಅವರಿಗೆ ಮನೆಯಲ್ಲಿ ಅಥವಾ ಸಾಲ ಕೊಟ್ಟವರಿಂದ ಅಪಾಯವಿದೆಯೇ ಎಂದು ವಿಚಾರಿಸಿ. ಆಮೇಲೆ ಸೋರಿದ ದಾರಿಯನ್ನು ಹುಡುಕಿ: ಬೆಂಚೇ, ಫೋನೇ, ಚೀಟಿಯೇ, ಸಿಬ್ಬಂದಿಯೇ. ಆ ದಾರಿ ಮುಚ್ಚುವವರೆಗೆ ಹೊಸಬರನ್ನು ಅದೇ ದಾರಿಯಲ್ಲಿ ಕರೆಯಬೇಡಿ.

ಸೇವೆಯ ಕೊರತೆಯ ಬಗ್ಗೆ ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡುವ ಹಕ್ಕು 28ನೇ ಸೆಕ್ಷನ್ನಿನಡಿ ಅವರಿಗಿದೆ ಎಂಬುದನ್ನು ನೀವೇ ತಿಳಿಸಿ, ಬರೆಯಲು ಬಾರದಿದ್ದರೆ ಬರೆದುಕೊಡುವವರನ್ನೂ ತೋರಿಸಿ. ಬರೆದುಕೊಡುವವರು ನಿಮ್ಮ ಕೇಂದ್ರದ ಸಿಬ್ಬಂದಿ ಆಗಿರಬಾರದು. ಚಿಕಿತ್ಸೆಯನ್ನು ಬೇರೆ ಕಡೆ ಮುಂದುವರಿಸುತ್ತೇನೆ ಎಂದರೆ ತಡೆಯದೆ, ದಾಖಲೆಯ ಪ್ರತಿಯನ್ನು ಅವರ ಕೈಗೆ ಕೊಟ್ಟು, ಹೊಸ ಕೇಂದ್ರಕ್ಕೆ ನೀವಾಗಿಯೇ ಫೋನು ಮಾಡುವ ಮೊದಲು ಅದಕ್ಕೂ ಅವರ ಸಹಿ ಪಡೆಯಿರಿ.